ಲೋಹ ತಿನ್ನುವ ಗುಳ್ಳೆ

ಮಾಗಳದ ಹೊಳೆದಂಡೆಯಲ್ಲಿ ನಿಂತು ಹಡಗಿನ ಪ್ರೊಪೆಲ್ಲರ್ ಮಾತು ತೆಗೆದರೆ ಜನ ನಕ್ಕಾರು. ಇಲ್ಲಿಂದ ಕಡಲು ಕಾಣಬೇಕಾದರೆ ಘಟ್ಟ ಇಳಿಯಬೇಕು. ಈ ಹೊಳೆ, ತುಂಗಭದ್ರೆ, ಕಂಡದ್ದು ತೆಪ್ಪ, ಹರಿಗೋಲುಗಳನ್ನು. ಅವಕ್ಕೆ ಹುಟ್ಟು ಸಾಕು, ಎಂಜಿನ್ ಬೇಡ. ವಿಜಯನಗರದ ಕಾಲದಲ್ಲಿ ಹತ್ತಿರದ ಹಡಗಲಿಯ ಹೂವು ಹೊಳೆಯ ದಾರಿಯಲ್ಲೇ ಹಂಪಿಗೆ ಹೋಗುತ್ತಿತ್ತು ಎಂಬ ಮಾತೊಂದು ಈ ಕಡೆ ಇದೆ. ಹೋಗಿದ್ದರೆ ಅದೂ ಹರಿವಿನ ಕೃಪೆಯಿಂದಲೇ, ಯಂತ್ರದಿಂದಲ್ಲ.

ಆದರೂ ಪ್ರೊಪೆಲ್ಲರಿನ ಖಾಸಾ ಸಂಬಂಧಿಯೊಬ್ಬ ಈ ದಂಡೆಯ ಪ್ರತಿ ಪಂಪ್‌ಸೆಟ್ಟಿನ ಹೊಟ್ಟೆಯಲ್ಲೂ ಕೂತಿದ್ದಾನೆ. ಅವನ ಹೆಸರು ಇಂಪೆಲ್ಲರ್. ಹಡಗಿನ ರೆಕ್ಕೆ ನೀರನ್ನು ಹಿಂದಕ್ಕೆ ನೂಕಿ ತಾನು ಮುಂದೆ ಹೋಗುತ್ತದೆ. ಪಂಪಿನ ರೆಕ್ಕೆ ಇದ್ದಲ್ಲೇ ತಿರುಗಿ ನೀರನ್ನು ಹೊಲಕ್ಕೆ ಕಳಿಸುತ್ತದೆ. ಆಕಾರ ಬೇರೆ, ಕೆಲಸ ಬೇರೆ. ಇಬ್ಬರೂ ಪಾಲಿಸುವ ಸಮೀಕರಣ ಒಂದೇ, ಇಬ್ಬರಿಗೂ ಬರುವ ಕಾಯಿಲೆಯೂ ಒಂದೇ. ಹಡಗಿನವರು ಆ ಕಾಯಿಲೆಯ ಹಿಂದೆ ಬಿದ್ದು ನೂರಾ ಮೂವತ್ತು ವರ್ಷಗಳಾದವು. ಈಗ ಅವರ ಕೈಯಲ್ಲಿರುವ ಮುಖ್ಯ ಹತಾರ ಕಂಪ್ಯೂಟರ್. ಆ ಹತಾರ ಏನು ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿಯುವುದು ಹೊಳೆಸಾಲಿನ ನಮಗೂ ಉಪಯೋಗದ ಮಾತೇ.

ಮೊದಲು ಕಾಯಿಲೆ ನೋಡೋಣ. ಹಡಗಲಿಯಂಥ ಪೇಟೆಯ ಯಾವುದೇ ರಿವೈಂಡಿಂಗ್ ಅಂಗಡಿಗೆ ಏಪ್ರಿಲ್ ತಿಂಗಳಲ್ಲಿ ಹೋಗಿ. ನೆಲದ ಮೇಲೆ ಬಿಚ್ಚಿಟ್ಟ ಪಂಪು, ಪಕ್ಕದಲ್ಲಿ ಎರಕದ ಕಬ್ಬಿಣದ ಇಂಪೆಲ್ಲರ್. "ಮೋಟ್ರಿಗೆ ಏನೂ ಆಗಿಲ್ರೀ ಅಜ್ಜಾರ, ಇಂಪೆಲ್ಲರ್ ತಿಂದು ಹೋಗೈತಿ ನೋಡ್ರಿ" ಅನ್ನುತ್ತಾನೆ ಮೆಕ್ಯಾನಿಕ್. "ಏನ್ ತಿಂತಪಾ? ಹೊಳಿ ಉಸುಕು ತಿಂದಿರಬೇಕು" ಎಂಬುದು ಪಂಪಿನ ಯಜಮಾನರ ಉತ್ತರ. ಮೆಕ್ಯಾನಿಕ್ ಒಪ್ಪುವುದಿಲ್ಲ: "ಉಸುಕಲ್ರೀ, ಗಾಳಿ ಹಿಡದೈತಿ."

ಇಂಪೆಲ್ಲರನ್ನು ಬೆಳಕಿಗೆ ಹಿಡಿದರೆ ಜಗಳ ಬಗೆಹರಿಯುತ್ತದೆ. ಉಸುಕು ಸವೆಸಿದ ಲೋಹ ನುಣುಪಾಗಿರುತ್ತದೆ, ಹರಿವಿನ ದಿಕ್ಕಿನಲ್ಲಿ ಗೀರು ಗೀರಾಗಿರುತ್ತದೆ. ವೇಗ ಹೆಚ್ಚಿರುವ ಹೊರ ಅಂಚು ಮೊದಲು ತೆಳುವಾಗುತ್ತದೆ. ಈ ಇಂಪೆಲ್ಲರಿನ ಹೊರ ಅಂಚು ಗಟ್ಟಿಯಾಗಿದೆ. ಹಾನಿ ಆಗಿರುವುದು ಒಳಗೆ, ನೀರು ರೆಕ್ಕೆಯನ್ನು ಮೊದಲು ಮುಟ್ಟುವ ಅಂಚನ್ನು ದಾಟಿದ ಕೂಡಲೇ, ರೆಕ್ಕೆಯ ಬೆನ್ನಿನ ಮೇಲೆ. ಅಲ್ಲಿ ಲೋಹ ತೂತು ತೂತಾಗಿದೆ. ಉಗುರು ಹಾಕಿದರೆ ಕಪ್ಪು ಪುಡಿ ಉದುರುತ್ತದೆ. ಇದು ಉಸುಕಿನ ಕೆಲಸವಲ್ಲ, ಹೊರಗಿನಿಂದ ನುಗ್ಗಿದ ಗಾಳಿಯದೂ ಅಲ್ಲ. ಪಂಪಿನೊಳಗೆ ನೀರೇ ಕುದಿದು, ಆ ಗುಳ್ಳೆಗಳು ಲೋಹವನ್ನು ತಿಂದಿವೆ. ಎಂಜಿನಿಯರುಗಳು ಇದನ್ನು ಕ್ಯಾವಿಟೇಶನ್ ಅನ್ನುತ್ತಾರೆ.

ನೀರು ಕುದಿಯಲು ಬೆಂಕಿಯೇ ಬೇಕೆಂದಿಲ್ಲ. ಒತ್ತಡ ಇಳಿದರೂ ಕುದಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ನೀರಿನ ಮೇಲಿನ ಒತ್ತಡ ವಾತಾವರಣದ ಒತ್ತಡದ ನೂರರಲ್ಲಿ ನಾಲ್ಕು ಭಾಗಕ್ಕೆ ಇಳಿದರೆ ಸಾಕು, ತಣ್ಣಗಿರುವ ನೀರಿನಲ್ಲೇ ಆವಿಯ ಗುಳ್ಳೆ ಏಳುತ್ತದೆ. ತಿರುಗುವ ರೆಕ್ಕೆಯ ಬೆನ್ನಿನ ಮೇಲೆ ನೀರು ವೇಗ ಪಡೆಯುತ್ತದೆ. ವೇಗ ಏರಿದಲ್ಲಿ ಒತ್ತಡ ಇಳಿಯುತ್ತದೆ. ಅಲ್ಲಿ ಗುಳ್ಳೆ ಹುಟ್ಟುತ್ತದೆ. ನಾಲ್ಕು ಬೆರಳು ಮುಂದೆ ಹೋದರೆ ಒತ್ತಡ ಮತ್ತೆ ಏರುತ್ತದೆ, ಗುಳ್ಳೆ ಕುಸಿಯುತ್ತದೆ. ಲೋಹದ ಹತ್ತಿರ ಕುಸಿಯುವ ಗುಳ್ಳೆ ಎಲ್ಲ ಕಡೆಯಿಂದಲೂ ಸಮನಾಗಿ ಕುಸಿಯುವುದಿಲ್ಲ. ಹೊರಗಿನ ನೀರು ಸೂಜಿಯಷ್ಟು ಸಣ್ಣ ಧಾರೆಯಾಗಿ ಗುಳ್ಳೆಯನ್ನು ತೂರಿಕೊಂಡು ಬಂದು ಲೋಹಕ್ಕೆ ಬಡಿಯುತ್ತದೆ. ಒಂದು ಏಟಿಗೆ ಏನೂ ಆಗುವುದಿಲ್ಲ. ಒಂದೇ ಜಾಗಕ್ಕೆ ಲಕ್ಷಗಟ್ಟಲೆ ಏಟು ಬಿದ್ದಾಗ ಕಬ್ಬಿಣವೂ ಸೋಲುತ್ತದೆ. ಪಂಪಿನೊಳಗೆ ಜಲ್ಲಿಕಲ್ಲು ಬಿದ್ದು ಉರುಳಿದ ಹಾಗೆ ಬರುವ ಸದ್ದು ಈ ಏಟುಗಳದ್ದೇ.

ಹಡಗಿನವರಿಗೆ ಈ ಶತ್ರುವಿನ ಪರಿಚಯ ಆದದ್ದು ತಡವಾಗಿ. ಸ್ಕ್ರೂ ಪ್ರೊಪೆಲ್ಲರ್ ಹುಟ್ಟಿದ್ದೇ ಅಂದಾಜಿನಿಂದ. 1836ರಲ್ಲಿ ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಲಂಡನ್ ಪಕ್ಕದ ಹೆಂಡನ್‌ನಲ್ಲಿ ಒಕ್ಕಲುತನ ಮಾಡುತ್ತಿದ್ದವನು. ಅದೇ ವರ್ಷ ಕೆಲವೇ ವಾರಗಳ ಅಂತರದಲ್ಲಿ ಸ್ವೀಡನ್ ಮೂಲದ ಜಾನ್ ಎರಿಕ್ಸನ್ನನೂ ತನ್ನದೊಂದು ಪೇಟೆಂಟ್ ಪಡೆದ. ಸ್ಮಿತ್‌ನ ಮೊದಲ ಪ್ರೊಪೆಲ್ಲರ್ ಮರದ್ದು, ಎರಡು ಸುತ್ತಿನ ಉದ್ದನೆಯ ತಿರುಪು. 1837ರಲ್ಲಿ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷೆ ನಡೆಯುವಾಗ ಅದು ಏನಕ್ಕೋ ತಾಗಿ ಅರ್ಧ ಮುರಿದು ಬಿತ್ತು. ದೋಣಿ ನಿಲ್ಲಬೇಕಿತ್ತು, ಬದಲಿಗೆ ಅದರ ವೇಗ ಹೆಚ್ಚಿತು. ಉದ್ದನೆಯ ತಿರುಪಿಗಿಂತ ಗಿಡ್ಡ ರೆಕ್ಕೆ ಮೇಲೆಂದು ಸ್ಮಿತ್ ಕಲಿತದ್ದು ಹೀಗೆ. 1845ರಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರ್ ಇರುವ ರ‍್ಯಾಟ್ಲರ್ ಹಡಗನ್ನೂ ಚಕ್ರದ ಅಲೆಕ್ಟೋ ಹಡಗನ್ನೂ ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟ ಆಡಿಸಿತು. ರ‍್ಯಾಟ್ಲರ್ ಎದುರಾಳಿಯನ್ನು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಹಿಂದುಹಿಂದಾಗಿ ಎಳೆದುಕೊಂಡು ಹೋಯಿತು.

ಅರ್ಧ ಶತಮಾನ ಕಳೆದ ಮೇಲೆ ಚಾರ್ಲ್ಸ್ ಪಾರ್ಸನ್ಸ್ ಸ್ಟೀಮ್ ಟರ್ಬೈನ್ ಹಾಕಿ ಟರ್ಬಿನಿಯಾ ಎಂಬ ಹಡಗು ಕಟ್ಟಿದ. 1894ರ ಪರೀಕ್ಷೆಗಳಲ್ಲಿ ಎಂಜಿನ್‌ಗೆ ಶಕ್ತಿ ಧಾರಾಳ, ಹಡಗಿಗೆ ಮಾತ್ರ ವೇಗವಿಲ್ಲ. ಪ್ರೊಪೆಲ್ಲರ್ ಗುಳ್ಳೆಗಳ ನಡುವೆ ಸುಮ್ಮನೆ ತಿರುಗುತ್ತಿತ್ತು. ಪಾರ್ಸನ್ಸ್ ಅದನ್ನು ಕಣ್ಣಾರೆ ನೋಡಲು ಹೊರಟ. ಎರಡಿಂಚಿನ ಪುಟ್ಟ ಪ್ರೊಪೆಲ್ಲರನ್ನು ತಾಮ್ರದ ಸುರಂಗದೊಳಗೆ ಕೂರಿಸಿ, ಒಳಗಿನ ಒತ್ತಡ ಇಳಿಸಿ, ಮಿಣುಕು ಬೆಳಕಿನಲ್ಲಿ ಗುಳ್ಳೆ ನೋಡಿದ. 1895ರ ಆ ಪೆಟ್ಟಿಗೆಯೇ ಜಗತ್ತಿನ ಮೊದಲ ಕ್ಯಾವಿಟೇಶನ್ ಟನಲ್. ಆಮೇಲೆ ಒಂದು ಪ್ರೊಪೆಲ್ಲರ್ ಬದಲು ಮೂರು ಶಾಫ್ಟ್, ಒಂದೊಂದಕ್ಕೆ ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿದ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಮೆರವಣಿಗೆಗೆ ಕರೆಯದೆ ನುಗ್ಗಿ, 34 ನಾಟ್ ವೇಗದಲ್ಲಿ ಓಡಿದ ಟರ್ಬಿನಿಯಾವನ್ನು ಹಿಡಿಯಲು ನೌಕಾಪಡೆಯ ದೋಣಿಗಳಿಗೆ ಆಗಲಿಲ್ಲ.

ಕರ್ನಾಟಕದಲ್ಲಿ ಈ ಪ್ರೊಪೆಲ್ಲರ್ ವಿದ್ಯೆಗೆ ಇವತ್ತು ನಿಜವಾದ ಗಿರಾಕಿ ಇರುವುದು ಮಲ್ಪೆಯಲ್ಲಿ. ಅಲ್ಲಿನ ಟೆಬ್ಮಾ ಶಿಪ್‌ಯಾರ್ಡ್ ದಿವಾಳಿಯಾದಾಗ ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಅದನ್ನು ಕೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಹೊರುವ ಸರಕು ಹಡಗು, ನಮ್ಮ ಬಂದರುಗಳಿಗೆ 62 ಟನ್ ಎಳೆಯುವ ಟಗ್ ಅಲ್ಲಿ ತಯಾರಾಗುತ್ತವೆ. ದೊಡ್ಡ ಹಡಗನ್ನು ಬಂದರಿನೊಳಗೆ ಎಳೆದು ತಂದು ನಿಲ್ಲಿಸುವ ಗಟ್ಟಿ ದೋಣಿಯೇ ಟಗ್. 62 ಟನ್ ಎಂದರೆ, ಟಗ್ಗನ್ನು ದಡದ ಗೂಟಕ್ಕೆ ಕಟ್ಟಿ ಎಂಜಿನ್ ಪೂರ್ತಿ ಬಿಟ್ಟಾಗ ಹಗ್ಗದ ಮೇಲೆ ಬೀಳುವ ಎಳೆತ. ದೋಣಿ ಒಂದಿಂಚೂ ಕದಲಿರುವುದಿಲ್ಲ, ರೆಕ್ಕೆ ಮಾತ್ರ ಪೂರ್ತಿ ದುಡಿಯುತ್ತಿರುತ್ತದೆ. ಪ್ರೊಪೆಲ್ಲರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ.

ಕಷ್ಟ ಎಷ್ಟೆಂದು ಬೆರಳಲ್ಲೇ ಲೆಕ್ಕ ಹಾಕಬಹುದು. ಪ್ರೊಪೆಲ್ಲರಿನ ಅಡ್ಡಳತೆ ಎರಡೂವರೆ ಮೀಟರ್, ನಿಮಿಷಕ್ಕೆ 240 ಸುತ್ತು ಎಂದಿಟ್ಟುಕೊಳ್ಳಿ. ರೆಕ್ಕೆಯ ತುದಿ ಸೆಕೆಂಡಿಗೆ 31 ಮೀಟರ್ ಓಡುತ್ತದೆ, ಗಂಟೆಗೆ 110 ಕಿಲೋಮೀಟರ್ ಮೇಲೆ. ಆ ವೇಗದ ಸಮುದ್ರದ ನೀರನ್ನು ತಡೆದು ನಿಲ್ಲಿಸಿದರೆ ಹುಟ್ಟುವ ಒತ್ತಡ ವಾತಾವರಣದ ಸುಮಾರು ಐದು ಪಟ್ಟು. ಮೂರು ಮೀಟರ್ ಆಳದಲ್ಲಿ ನೀರಿಗೆ ಇರುವ ಒತ್ತಡವೋ, ವಾತಾವರಣದ್ದೂ ಸೇರಿ, ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು. ರೆಕ್ಕೆಯ ಬೆನ್ನಿನ ಮೇಲೆ ಒತ್ತಡ ಆ ಐದರಲ್ಲಿ ಕಾಲು ಭಾಗದಷ್ಟು ಇಳಿದರೂ ನೀರು ಕುದಿಯುವ ಗಡಿಗೆ ಬಂತು. ಡಿಸೈನ್ ಮಾಡುವವರು ನಿಂತಿರುವುದು ಇಷ್ಟು ಇಕ್ಕಟ್ಟಿನಲ್ಲಿ.

ಹಿಂದೆ ಇದನ್ನೆಲ್ಲ ತೊಟ್ಟಿಯಲ್ಲಿ ಪರೀಕ್ಷಿಸುತ್ತಿದ್ದರು, ಈಗಲೂ ಪರೀಕ್ಷಿಸುತ್ತಾರೆ. ವಿಲಿಯಂ ಫ್ರೂಡ್ 1872ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿ, ಮೇಣದ ಹಡಗು ಮಾಡಿ ಎಳೆದ. ನಮ್ಮ ದೇಶದಲ್ಲಿ ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ, ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳಲ್ಲಿ ಇಂಥ ತೊಟ್ಟಿಗಳಿವೆ. ತೊಟ್ಟಿಯ ತೊಂದರೆ ಒಂದೇ, ಆದರೆ ದೊಡ್ಡದು. 96 ಮೀಟರ್ ಹಡಗನ್ನು 6 ಮೀಟರಿಗೆ ಕುಗ್ಗಿಸಿದರೆ ಹದಿನಾರು ಪಟ್ಟು ಚಿಕ್ಕದಾಯಿತು. ಅಲೆಗಳು ಅಸಲಿನಂತೆ ಏಳಬೇಕಾದರೆ ವೇಗವನ್ನು ನಾಲ್ಕು ಪಟ್ಟು ಇಳಿಸಬೇಕು. ನೀರು ಮಾತ್ರ ಅದೇ ನೀರು, ಅದರ ಜಿಗುಟು ಕುಗ್ಗುವುದಿಲ್ಲ. ಆ ಜಿಗುಟು ಎಷ್ಟು ಕೆಲಸ ಮಾಡುತ್ತದೆ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಅಸಲಿಗಿಂತ ಅರವತ್ನಾಲ್ಕು ಪಟ್ಟು ಕೆಳಗಿಳಿಯುತ್ತದೆ. ಅಂದರೆ ಮಾದರಿಯ ರೆಕ್ಕೆಯ ಮೇಲೆ ಹರಿಯುವ ನೀರು ಹಡಗಿನ ರೆಕ್ಕೆಯ ಮೇಲೆ ಹರಿದಂತೆ ಹರಿಯುವುದೇ ಇಲ್ಲ. ಈ ವ್ಯತ್ಯಾಸವನ್ನು ಅನುಭವದ ತಿದ್ದುಪಡಿಯಿಂದ ಸರಿದೂಗಿಸುತ್ತಾ ಬಂದರು.

ಕಂಪ್ಯೂಟರಿಗೆ ಕುಗ್ಗಿಸುವ ದರ್ದಿಲ್ಲ. ಹಡಗು ಎಷ್ಟಿದೆಯೋ ಅಷ್ಟನ್ನೇ ಲೆಕ್ಕಕ್ಕೆ ಕೊಡಬಹುದು. ನೀರಿನ ಚಲನೆಯ ಸಮೀಕರಣಗಳನ್ನು ಫ್ರಾನ್ಸಿನ ನೇವಿಯರ್ 1822ರಲ್ಲೂ ಸ್ಟೋಕ್ಸ್ 1845ರಲ್ಲೂ ಬರೆದಿಟ್ಟಿದ್ದಾರೆ. ಅವುಗಳಿಗೆ ಎಲ್ಲ ಸಂದರ್ಭಕ್ಕೂ ನಯವಾದ ಪರಿಹಾರ ಇದೆಯೇ ಎಂಬುದನ್ನು ಇನ್ನೂ ಯಾರೂ ಸಾಧಿಸಿಲ್ಲ; ಅದಕ್ಕೆ ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಘೋಷಿಸಿದ ಹತ್ತು ಲಕ್ಷ ಡಾಲರ್ ಹಾಗೇ ಕಾದಿದೆ. ಎಂಜಿನಿಯರ್ ಅಷ್ಟು ಕಾಯುವುದಿಲ್ಲ. ಪ್ರೊಪೆಲ್ಲರ್ ಸುತ್ತಲಿನ ನೀರನ್ನು ಲಕ್ಷಾಂತರ, ಕೆಲವೊಮ್ಮೆ ಕೋಟಿಗಟ್ಟಲೆ ಪುಟ್ಟ ಕೋಶಗಳಾಗಿ ಕತ್ತರಿಸುತ್ತಾನೆ. ಒಂದೊಂದು ಕೋಶಕ್ಕೂ ಎರಡೇ ನಿಯಮ: ಒಳಗೆ ಬಂದಷ್ಟು ನೀರು ಹೊರಗೆ ಹೋಗಬೇಕು, ನೀರಿನ ವೇಗ ಬದಲಾದರೆ ಅದಕ್ಕೆ ಒತ್ತಡವೋ ಜಿಗುಟೋ ಕಾರಣ ಇರಬೇಕು. ಮೊದಲು ಸುಮ್ಮನೆ ಒಂದು ಊಹೆ. ಯಾವ ಕೋಶದ ಲೆಕ್ಕವೂ ಪಕ್ಕದ ಕೋಶದ ಲೆಕ್ಕಕ್ಕೆ ಹೊಂದುವುದಿಲ್ಲ. ತಿದ್ದು, ಮತ್ತೆ ನೋಡು, ಮತ್ತೆ ತಿದ್ದು. ಸಾವಿರಾರು ಸುತ್ತಾದ ಮೇಲೆ ವ್ಯತ್ಯಾಸ ಕಡೆಗಣಿಸುವಷ್ಟಾಗುತ್ತದೆ. ಆಗ ರೆಕ್ಕೆಯ ಮೇಲಿನ ಒತ್ತಡಗಳನ್ನೆಲ್ಲ ಕೂಡಿದರೆ ನೂಕುಬಲ ಸಿಗುತ್ತದೆ. ಇಡೀ ವಿದ್ಯೆಗೆ ಕಂಪ್ಯುಟೇಶನಲ್ ಫ್ಲೂಯಿಡ್ ಡೈನಾಮಿಕ್ಸ್ ಎಂದು ಹೆಸರು, ಚಿಕ್ಕದಾಗಿ ಸಿ.ಎಫ್.ಡಿ.

ರೆಕ್ಕೆ ತಿರುಗುತ್ತಿದೆಯಲ್ಲ, ಕೋಶಗಳ ಗತಿ ಏನು? ಅದಕ್ಕೆ ಎರಡು ಉಪಾಯ. ಅಗ್ಗದ್ದು: ರೆಕ್ಕೆಯನ್ನು ನಿಲ್ಲಿಸಿ ಸುತ್ತಲಿನ ಲೋಕವನ್ನು ತಿರುಗಿಸಿದಂತೆ ಲೆಕ್ಕ ಹಾಕುವುದು. ದುಬಾರಿಯದ್ದು: ರೆಕ್ಕೆಯ ಸುತ್ತ ಒಂದು ಸಿಲಿಂಡರಿನಷ್ಟು ಜಾಲವನ್ನು ನಿಜಕ್ಕೂ ಒಂದೊಂದೇ ಡಿಗ್ರಿ ತಿರುಗಿಸುತ್ತಾ, ಪ್ರತಿ ಹೆಜ್ಜೆಗೂ ಹೊಸ ಲೆಕ್ಕ ಮಾಡುವುದು. ಪ್ರೊಪೆಲ್ಲರ್ ಒಂಟಿಯಾಗಿ ನೀರಲ್ಲಿದ್ದರೆ ಮೊದಲನೆಯದೇ ಸಾಕು. ಅದು ಇರುವುದು ಹಡಗಿನ ಬೆನ್ನ ಹಿಂದೆ. ಹಡಗಿನ ಮೈಗೆ ಉಜ್ಜಿ ನಿಧಾನವಾದ ನೀರು ಮೇಲ್ಭಾಗದಲ್ಲಿ ಹೆಚ್ಚು ಬರುತ್ತದೆ. ಪ್ರತಿ ರೆಕ್ಕೆಯೂ ಮೇಲೆ ಹೋದಾಗ ಆ ನಿಧಾನದ ನೀರಿಗೆ ಸಿಕ್ಕಿ ಗುಳ್ಳೆ ಹೊರಡಿಸುತ್ತದೆ, ಕೆಳಗಿಳಿದಾಗ ಗುಳ್ಳೆ ಒಡೆಯುತ್ತದೆ. ಹಡಗಿನ ಹಿಂಭಾಗ ನಡುಗುವುದು ಇದೇ ತಾಳಕ್ಕೆ. ನೌಕಾಪಡೆಗೆ ಇದು ನಡುಕದ ಪ್ರಶ್ನೆಯಷ್ಟೇ ಅಲ್ಲ. ಒಡೆಯುವ ಗುಳ್ಳೆಯ ಸದ್ದು ಶತ್ರುವಿನ ಕಿವಿಗೆ ಬಲುದೂರ ಕೇಳುತ್ತದೆ; ಕಾರವಾರದ ಕದಂಬ ನೆಲೆಯಲ್ಲಿ ನಿಲ್ಲುವ ಹಡಗುಗಳ ಪ್ರೊಪೆಲ್ಲರಿನ ನಿಖರ ಆಕಾರ ಯಾರಿಗೂ ತೋರಿಸದ ಗುಟ್ಟು.

ಇಲ್ಲಿಯವರೆಗೆ ಕೇಳಿದರೆ ಯಂತ್ರ ಎಲ್ಲವನ್ನೂ ಗೆದ್ದುಬಿಟ್ಟಿದೆ ಎನಿಸುತ್ತದೆ. ಗೆಲ್ಲದ ಜಾಗವೊಂದಿದೆ: ಲೋಹಕ್ಕೆ ಅಂಟಿಕೊಂಡು ಹರಿಯುವ ತೆಳು ಪದರ. ರೆಕ್ಕೆಗೆ ತಾಗಿದ ನೀರು ರೆಕ್ಕೆಯ ಜೊತೆಗೇ ಹೋಗುತ್ತದೆ. ಸ್ವಲ್ಪ ಆಚೆಯ ನೀರು ಪೂರ್ತಿ ವೇಗದಲ್ಲಿ ಜಾರುತ್ತದೆ. ಈ ನಡುವಿನ ಪದರದಲ್ಲಿ ಸುಳಿಯೊಳಗೆ ಸುಳಿ, ಅದರೊಳಗೆ ಇನ್ನೂ ಸಣ್ಣ ಸುಳಿ. ಮೇಲೆ ಹೇಳಿದ ಟಗ್ಗಿನ ರೆಕ್ಕೆಯ ತುದಿಯಲ್ಲಿ ಈ ಪದರವನ್ನು ಬುಡದಿಂದ ಹಿಡಿಯಬೇಕಾದರೆ ಮೊದಲ ಕೋಶದ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಇರಬೇಕು. ಪ್ರತಿ ಸುಳಿಯನ್ನೂ ಬಿಡದೆ ಲೆಕ್ಕ ಹಾಕುವ ಕಂಪ್ಯೂಟರ್ ಇವತ್ತು ಯಾವ ಶಿಪ್‌ಯಾರ್ಡಿನಲ್ಲೂ ಇಲ್ಲ. ಆದ್ದರಿಂದ ಆಸ್ಬೋರ್ನ್ ರೆನಾಲ್ಡ್ಸ್ 1895ರಲ್ಲಿ ತೋರಿದ ದಾರಿಯಲ್ಲಿ ಸುಳಿಗಳ ಸರಾಸರಿ ತೆಗೆಯುತ್ತಾರೆ. ಸರಾಸರಿ ತೆಗೆದಾಗ ಕಳೆದುಹೋದದ್ದನ್ನು ತುಂಬಲು ಒಂದು ಮಾದರಿ ಬೇಕು. 1974ರಲ್ಲಿ ಲಾಂಡರ್ ಮತ್ತು ಸ್ಪಾಲ್ಡಿಂಗ್ ಕೊಟ್ಟ ಮಾದರಿ ಇಂದಿಗೂ ಚಾಲ್ತಿಯಲ್ಲಿದೆ. ಅದರೊಳಗೆ 0.09, 1.44, 1.92 ಎಂಬಂಥ ಅಂಕಿಗಳು ಕೂತಿವೆ. ಇವು ನೇವಿಯರ್ ಸಮೀಕರಣದಿಂದ ಇಳಿದು ಬಂದವಲ್ಲ. ಕೊಳವೆ, ತೊಟ್ಟಿ, ಗಾಳಿಸುರಂಗಗಳಲ್ಲಿ ಅಳೆದ ಹರಿವಿಗೆ ಹೊಂದಿಸಿ ಆರಿಸಿದವು. ತೊಟ್ಟಿ ಇಲ್ಲದೆ ಕಂಪ್ಯೂಟರಿನಲ್ಲೇ ಎಲ್ಲ ಮಾಡಿದೆವು ಎಂದು ಯಾರಾದರೂ ಬೀಗಿದರೆ, ಆ ಲೆಕ್ಕದ ಹೊಟ್ಟೆಯಲ್ಲೇ ಹತ್ತಾರು ತೊಟ್ಟಿಗಳಿವೆ ಎಂಬುದು ನೆನಪಿರಲಿ.

ಗುಳ್ಳೆಯ ವಿಷಯಕ್ಕೆ ಬಂದರೆ ಆ ತೆಳು ಪದರ ಇನ್ನೂ ತರಲೆ. ಇಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. 1960ರ ಆಸುಪಾಸಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಸ್. ಗೋವಿಂದ ರಾವ್ ಮತ್ತು ಎ. ತಿರುವೆಂಗಡಂ ಗುಳ್ಳೆಯಿಂದಾಗುವ ಹಾನಿಯನ್ನು ಮುಂಚೆಯೇ ಅಂದಾಜು ಮಾಡುವ ಬಗ್ಗೆ ಬರೆದಿದ್ದರು. ಮುಂದೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ವಿಜಯ್ ಅರಕೇರಿ, 1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ತಮ್ಮ ಗುರು ಅಕೋಸ್ಟಾ ಜೊತೆ ಒಂದು ಸೊಗಸಾದ ಪ್ರಯೋಗ ಮಾಡಿದರು. ದುಂಡು ಮೂತಿಯ ಲೋಹದ ಗೂಟವನ್ನು ಹರಿವಿಗೆ ಒಡ್ಡಿ, ಅದನ್ನು ಕೊಂಚ ಬೆಚ್ಚಗೆ ಮಾಡಿದರು. ಬೆಚ್ಚಗಾದ ತೆಳು ಪದರ ಬೆಳಕನ್ನು ಬಾಗಿಸುತ್ತದೆ, ಹಾಗಾಗಿ ಫೋಟೋದಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ಸಲೀಸಾದ ನಂಬಿಕೆ ಏನೆಂದರೆ, ಒತ್ತಡ ಎಲ್ಲಿ ಅತಿ ಕಡಿಮೆಯೋ ಅಲ್ಲೇ ಗುಳ್ಳೆ ಹುಟ್ಟಬೇಕು. ಫೋಟೋ ಬೇರೆ ಮಾತು ಹೇಳಿತು. ಗುಳ್ಳೆ ಶುರುವಾದದ್ದು ಆ ಬಿಂದುವನ್ನು ದಾಟಿ ತುಸು ಮುಂದೆ, ತೆಳು ಪದರ ಲೋಹ ಬಿಟ್ಟು ಎದ್ದ ಜಾಗದಲ್ಲಿ. ಆ ಪದರ ಎಲ್ಲಿ ಏಳುತ್ತದೆ, ಏಳುತ್ತದೋ ಇಲ್ಲವೋ ಎಂಬುದನ್ನು ತಪ್ಪಾಗಿ ಲೆಕ್ಕ ಹಾಕಿದರೆ ಗುಳ್ಳೆಯ ಭವಿಷ್ಯವೂ ತಪ್ಪುತ್ತದೆ. ಸುಳಿಗಳನ್ನೆಲ್ಲ ಸರಾಸರಿ ಮಾಡುವ ಅಗ್ಗದ ಮಾದರಿಗಳು ಎಡವುವುದು ಸರಿಯಾಗಿ ಇಲ್ಲೇ.

ಎಷ್ಟು ಎಡವುತ್ತವೆ ಎಂಬುದಕ್ಕೆ ಒಂದು ಬಹಿರಂಗ ಪರೀಕ್ಷೆಯೇ ನಡೆದಿದೆ. ಜರ್ಮನಿಯ ಪಾಟ್ಸ್‌ಡ್ಯಾಮ್ ತೊಟ್ಟಿಯವರು 250 ಮಿಲಿಮೀಟರ್ ಅಡ್ಡಳತೆಯ ಐದು ರೆಕ್ಕೆಯ ಪ್ರೊಪೆಲ್ಲರ್ ಒಂದರ ಆಕಾರವನ್ನು ಎಲ್ಲರಿಗೂ ಕೊಟ್ಟರು, ತಾವು ಅಳೆದದ್ದನ್ನು ಮಾತ್ರ ಬಚ್ಚಿಟ್ಟರು. ನಾನಾ ದೇಶದ ತಂಡಗಳು ಲೆಕ್ಕ ಹಾಕಿ ಕಳಿಸಿದವು. 2011ರಲ್ಲಿ ಹ್ಯಾಂಬರ್ಗಿನಲ್ಲಿ ಲಕೋಟೆ ಬಿಚ್ಚಿದರು. ಗುಳ್ಳೆ ಇಲ್ಲದ ನೀರಿನಲ್ಲಿ ನೂಕುಬಲ ಎಷ್ಟು ಎಂಬುದರಲ್ಲಿ ಹೆಚ್ಚಿನವರು ಅಳತೆಯ ಹತ್ತಿರವೇ ಇದ್ದರು. ರೆಕ್ಕೆಯ ತುದಿಯಿಂದ ಹಗ್ಗವಾಗಿ ಹೊಸೆದುಕೊಂಡು ಹಿಂದೆ ಸಾಗುವ ಸುಳಿ ಮತ್ತು ಅದರೊಳಗಿನ ಗುಳ್ಳೆಯ ಮಾತು ಬಂದಾಗ ಒಬ್ಬೊಬ್ಬರದು ಒಂದೊಂದು ಚಿತ್ರ. ತುದಿಯ ಹಿಂದೆ ಕೋಶಗಳನ್ನು ಸಣ್ಣದಾಗಿ ಕತ್ತರಿಸದಿದ್ದರೆ ಸುಳಿ ನಾಲ್ಕು ಹೆಜ್ಜೆಗೇ ಲೆಕ್ಕದಲ್ಲಿ ಕರಗಿಹೋಗುತ್ತದೆ. ಅಸಲು ನೀರಿನಲ್ಲಿ ಅದು ಅಷ್ಟು ಬೇಗ ಕರಗುವುದಿಲ್ಲ. ನನಗೆ ಈ ಫಲಿತಾಂಶ ಇಷ್ಟವಾಗಲು ಕಾರಣ ಅದರ ಪ್ರಾಮಾಣಿಕತೆ. ಬಣ್ಣಬಣ್ಣದ ಸಿ.ಎಫ್.ಡಿ. ಚಿತ್ರ ನೋಡಿ ಮರುಳಾಗುವವರು ಬಹಳ. ಕೆಂಪು-ನೀಲಿ ಬಣ್ಣ ಬಳಿಯುವುದು ತಪ್ಪು ಲೆಕ್ಕಕ್ಕೂ ಸುಲಭ.

ಕಂಪ್ಯೂಟರಿನ ಬಲದಲ್ಲಿ ಮಾತ್ರ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದಾಗ ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ, ಯು.ಎನ್. ಸಿನ್ಹಾ ನೇತೃತ್ವದ ತಂಡ 1986ರಲ್ಲಿ ಫ್ಲೋಸಾಲ್ವರ್ ಕಟ್ಟಿತು. ಹಲವು ಪ್ರೊಸೆಸರುಗಳು ಕೆಲಸ ಹಂಚಿಕೊಂಡು ಒಟ್ಟಿಗೆ ಲೆಕ್ಕ ಮಾಡುವ ದೇಶದ ಮೊದಲ ಯಂತ್ರ ಅದು. ಹೆಸರೇ ಹೇಳುವಂತೆ ಹರಿವಿನ ಸಮೀಕರಣ ಬಿಡಿಸಲೆಂದೇ ಹುಟ್ಟಿದ್ದು. ಒಳಗಿದ್ದದ್ದು ಇಂಟೆಲ್ 8086 ಚಿಪ್ಪಿನ ನಾಲ್ಕು ಪ್ರೊಸೆಸರ್. ಈಗ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಇರುವ ಪರಮ್ ಪ್ರವೇಗದ ಗರಿಷ್ಠ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ಇಷ್ಟೆಲ್ಲ ಶಕ್ತಿ ಹಡಗಿಗೂ ವಿಮಾನಕ್ಕೂ ಮೀಸಲೇ? ಪಂಪಿಗೂ ದುಡಿಯುತ್ತದೆ. ದೊಡ್ಡ ಪಂಪ್ ಕಂಪನಿಗಳು ಇಂಪೆಲ್ಲರನ್ನು ಸಿ.ಎಫ್.ಡಿ.ಯಲ್ಲೇ ತಿದ್ದುತ್ತವೆ. ತುಂಗಭದ್ರೆಗೆ ಹಮ್ಮಿಗಿಯಲ್ಲಿ ಬ್ಯಾರೇಜ್ ಕಟ್ಟಿ ಎರಡೂ ದಂಡೆಗೆ ನೀರೆತ್ತುವ ಸಿಂಗಟಾಲೂರು ಏತ ನೀರಾವರಿಯಂಥ ಯೋಜನೆಗಳಲ್ಲಿ, ಪಂಪು ನೀರೆಳೆಯುವ ಬಾವಿಯೊಳಗೆ, ಅಂದರೆ ಜಾಕ್‌ವೆಲ್ಲಿನೊಳಗೆ, ನೀರು ಸುಳಿ ಕಟ್ಟಿ ಪಂಪಿಗೆ ಗಾಳಿ ಸೇರಬಾರದೆಂದು ಇಂಥ ಲೆಕ್ಕ ಹಾಕುವ ವಿದ್ಯೆ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಲೆಕ್ಕ ತಲುಪದೆ ಉಳಿದದ್ದು ರೈತನ ಐದು ಎಚ್‌ಪಿ, ಏಳೂವರೆ ಎಚ್‌ಪಿ ಪಂಪಿಗೆ.

ಅಲ್ಲಿಗೂ ಕಂಪನಿಯ ಲೆಕ್ಕ ಬಂದಿರುತ್ತದೆ ಅನ್ನಿ, ಆದರೆ ಅದು ನೇಮ್‌ಪ್ಲೇಟಿನ ಮೇಲೆ ಬರೆದ ಒಂದೇ ಸ್ಥಿತಿಗೆ: ಇಷ್ಟು ಎತ್ತರ, ಇಷ್ಟು ನೀರು, ಸರಿಯಾದ ವೋಲ್ಟೇಜ್. ಹೊಳೆ ಆ ಪ್ಲೇಟನ್ನು ಓದುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆ ರೈತ ಸಕ್ಷನ್ ಪೈಪಿಗೆ ಇನ್ನೊಂದು ತುಂಡು ಸೇರಿಸುತ್ತಾನೆ, ಜೊತೆಗೊಂದು ಬೆಂಡ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ನೀರನ್ನು ಹೆಚ್ಚೆಂದರೆ 10.3 ಮೀಟರ್ ಏರಿಸಬಲ್ಲದು. ನಮ್ಮ ಬಯಲುಸೀಮೆಯ ಎತ್ತರಕ್ಕೆ ಅದರಲ್ಲಿ ಅರ್ಧ ಮೀಟರಿನಷ್ಟು ಖೋತಾ. ಪೈಪಿನ ಉಜ್ಜಾಟ, ಬೆಂಡು, ಫುಟ್‌ವಾಲ್ವಿಗೆ ಮೆತ್ತಿದ ಪಾಚಿ ಎಲ್ಲ ತಮ್ಮ ಪಾಲು ಕಿತ್ತುಕೊಂಡ ಮೇಲೆ, ಆರು ಮೀಟರ್ ದಾಟಿದ ಪಂಪು ಕುದಿಯುವ ನೀರನ್ನೇ ಎಳೆಯುತ್ತಿರುತ್ತದೆ. ಪಂಪಿನ ಬಾಯಿಗೆ ಒತ್ತಿಕೊಂಡೇ ಬೆಂಡ್ ಇದ್ದರಂತೂ ನೀರು ಒಂದು ಮಗ್ಗುಲಿಗೆ ವಾಲಿ ಒಳಗೆ ಬರುತ್ತದೆ. ಹಡಗಿನ ಹಿಂದಿನ ನಿಧಾನದ ನೀರು ರೆಕ್ಕೆಗೆ ಕೊಡುವ ಕಾಟ ಇಲ್ಲಿ ಇಂಪೆಲ್ಲರಿಗೆ.

ಪರಿಹಾರಕ್ಕೆ ಸೂಪರ್ ಕಂಪ್ಯೂಟರ್ ಬೇಕಿಲ್ಲ. ಪೈಪಿಗೆ ತುಂಡು ಸೇರಿಸುವ ಬದಲು ಪಂಪನ್ನೇ ನೀರಿನ ಹತ್ತಿರ ಇಳಿಸುವುದು, ಸಕ್ಷನ್ ಪೈಪನ್ನು ಡೆಲಿವರಿಗಿಂತ ಒಂದು ಅಳತೆ ದೊಡ್ಡದು ಹಾಕುವುದು, ಬೆಂಡಿಗೂ ಪಂಪಿಗೂ ನಡುವೆ ನೆಟ್ಟನೆಯ ಪೈಪ್ ಬಿಡುವುದು, ಫುಟ್‌ವಾಲ್ವ್ ತೊಳೆಯುವುದು. ಹಳೆಯ ಮೆಕ್ಯಾನಿಕ್‌ಗಳಿಗೆ ಇದು ಗೊತ್ತು. ಆದರೂ ಮಾಡುವವರು ಕಡಿಮೆ, ಅದಕ್ಕೊಂದು ಕಾರಣ ನನಗೆ ಕಾಣುವುದು ಹೀಗೆ: ಹತ್ತು ಎಚ್‌ಪಿವರೆಗೆ ವಿದ್ಯುತ್ತಿಗೆ ಬಿಲ್ಲಿಲ್ಲ. ಗುಳ್ಳೆಯ ಕಾಟಕ್ಕೆ ಸಿಕ್ಕ ಪಂಪು ಅದೇ ಕರೆಂಟಿಗೆ ಕಡಿಮೆ ನೀರು ಎತ್ತುತ್ತದೆ, ಆ ನಷ್ಟ ಯಾರ ಖಾತೆಗೂ ಬರುವುದಿಲ್ಲ. ರೈತನಿಗೆ ಬರುವುದು ಇಂಪೆಲ್ಲರಿನ ಖರ್ಚು ಮಾತ್ರ, ಅದೂ ವರ್ಷಕ್ಕೊಮ್ಮೆ, ಹೊಳೆಯ ಉಸುಕಿನ ಹೆಸರಿನಲ್ಲಿ.

ಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಹೊಸಪೇಟೆಯಲ್ಲೂ ಕಾಲೇಜಿದೆ. ಓಪನ್‌ಫೋಮ್ ಎಂಬ ಸಿ.ಎಫ್.ಡಿ. ತಂತ್ರಾಂಶ 2004ರಿಂದ ಎಲ್ಲರಿಗೂ ಪುಕ್ಕಟೆ. ಕೊನೆಯ ವರ್ಷದ ಮೆಕ್ಯಾನಿಕಲ್ ಹುಡುಗ ಹುಡುಗಿಯರು ಪ್ರಾಜೆಕ್ಟಿಗಾಗಿ ಊರೂರು ಅಲೆಯುವ ಬದಲು ರಿವೈಂಡಿಂಗ್ ಅಂಗಡಿಯಿಂದ ತೂತು ಬಿದ್ದ ಇಂಪೆಲ್ಲರ್ ಒಂದನ್ನು ತಂದರೆ ಸಾಕು. ಆರು ರೆಕ್ಕೆಯ ಇಂಪೆಲ್ಲರಿನಲ್ಲಿ ಆರೂ ರೆಕ್ಕೆಗಳ ಕಥೆ ಒಂದೇ ಎಂದು ಹಿಡಿದರೆ ಆರನೇ ಒಂದು ಭಾಗವನ್ನಷ್ಟೇ ಲೆಕ್ಕಕ್ಕೆ ಕೊಡಬಹುದು. ಅದಕ್ಕೆ ಒಳ್ಳೆಯದೊಂದು ಲ್ಯಾಪ್‌ಟಾಪ್ ಸಾಲುತ್ತದೆ. ಬೆಂಡಿನಿಂದ ವಾಲಿ ಬರುವ ನೀರನ್ನು ಸೇರಿಸಬೇಕೆಂದರೆ ಆ ರಿಯಾಯಿತಿ ಇಲ್ಲ, ಪೂರ್ತಿ ಚಕ್ರ ಬೇಕು, ಯಂತ್ರವೂ ದೊಡ್ಡದು ಬೇಕು. ಎರಡರಲ್ಲೂ ನೀರೆತ್ತುವ ಬಲದ ಲೆಕ್ಕವನ್ನು ನಂಬಿ, ಗುಳ್ಳೆಯ ಲೆಕ್ಕವನ್ನು ಅನುಮಾನದಿಂದ ನೋಡಬೇಕು. ಕಂಪ್ಯೂಟರ್ ಗುಳ್ಳೆ ತೋರಿಸಿದ ಜಾಗ, ಕೈಯಲ್ಲಿರುವ ಇಂಪೆಲ್ಲರಿನ ತೂತು ಬಿದ್ದ ಜಾಗ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಹೊಳೆದಂಡೆಯ ಪಂಪಿನ ಸಕ್ಷನ್ ಪೈಪಿಗೆ ಒಂದು ವ್ಯಾಕ್ಯೂಮ್ ಗೇಜ್, ಡೆಲಿವರಿಗೆ ಒಂದು ಪ್ರೆಶರ್ ಗೇಜ್ ಕೂರಿಸಿ, ಜನವರಿಯಿಂದ ಮೇ ತನಕ ಹೊಳೆ ಇಳಿದಂತೆಲ್ಲ ಅವುಗಳ ಮುಳ್ಳು ಎಲ್ಲಿ ನಿಂತವೆಂದು ಬರೆದಿಟ್ಟುಕೊಳ್ಳುವ ಕೆಲಸವನ್ನು ಪಂಪಿನ ಯಜಮಾನರ ಮನೆಯ ಹೈಸ್ಕೂಲು ಮಕ್ಕಳೇ ಮಾಡಿಯಾರು.